ಲೈಟ್ ಬಿಯರ್, ಸ್ಟ್ರಾಂಗ್ ಬಿಯರ್: ಬಾಟಲಿಯೊಳಗಿನ ಲೆಕ್ಕ

ಲೈಟ್ ಬಿಯರ್‌ಗೂ ಸಾಮಾನ್ಯ ಬಿಯರ್‌ಗೂ ಇರುವ ವ್ಯತ್ಯಾಸವನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ. ಬಾಟಲಿಯಲ್ಲಿರುವ ಮದ್ಯಸಾರ ಎಷ್ಟು ಎಂಬುದು ಒಂದು. ಹುದುಗದೆ ಹಾಗೇ ಉಳಿದ ಪಿಷ್ಟದ ತುಣುಕುಗಳು ಎಷ್ಟು ಎಂಬುದು ಇನ್ನೊಂದು. ಇವೆರಡೂ ಇಳಿದರೆ ಕ್ಯಾಲೊರಿ ಇಳಿಯುತ್ತದೆ, ರುಚಿ ತೆಳುವಾಗುತ್ತದೆ, ನೊರೆ ಬೇಗ ಕರಗುತ್ತದೆ. ಬಣ್ಣ, ಬ್ರ್ಯಾಂಡು, ಬೆಲೆ ಇವು ಯಾವುವೂ ಈ ವ್ಯತ್ಯಾಸವನ್ನು ನಂಬುವಂತೆ ಹೇಳಲಾರವು.

ಗೊಂದಲ ಶುರುವಾಗುವುದು ಅಂಗಡಿಯ ಕಟ್ಟೆಯ ಬಳಿ. ಮಲೆನಾಡಿನ ಜಡೆ, ಆನವಟ್ಟಿ, ಸೊರಬ, ಶಿರಾಳಕೊಪ್ಪ, ಶಿಕಾರಿಪುರ ಯಾವ ಕಡೆಯಾದರೂ ಗಿರಾಕಿ ಕೇಳುವುದು ‘ಲೈಟ್’ ಅಥವಾ ‘ಸ್ಟ್ರಾಂಗ್’. ‘ಲೈಟ್ ಕೊಡಿ’ ಎಂದವರ ಕೈಗೆ ಬರುವುದು ಸಾಮಾನ್ಯವಾಗಿ ಶೇ 5ರ ಆಸುಪಾಸಿನ ಮಾಮೂಲಿ ಲಾಗರ್. ಅಮೆರಿಕದಲ್ಲಾದರೆ ಇದೇ ರೆಗ್ಯುಲರ್ ಬಿಯರ್. ಅಲ್ಲಿ ಲೈಟ್ ಎಂದು ಮಾರುವುದು ಇದಕ್ಕಿಂತಲೂ ತೆಳುವಾದ ಬೇರೊಂದು ಪಾನೀಯ. ಇಲ್ಲಿ ಹೆಚ್ಚು ಖರ್ಚಾಗುವ, ಆದ್ದರಿಂದ ವಾಡಿಕೆಯಲ್ಲಿ ‘ಬಿಯರ್’ ಎಂದರೆ ಅದೇ ಎನ್ನುವಂತಾಗಿರುವ ಸ್ಟ್ರಾಂಗ್, ಹೊರದೇಶಗಳಲ್ಲಿ ವಿಶೇಷ ವರ್ಗಕ್ಕೆ ಸೇರುತ್ತದೆ. ಹೀಗಾಗಿ ಲೈಟ್ ಬಿಯರ್ ಬಗ್ಗೆ ವಿದೇಶಿ ಪತ್ರಿಕೆಗಳು ಬರೆಯುವ ಕ್ಯಾಲೊರಿ ಲೆಕ್ಕವನ್ನು ತಂದು ಇಲ್ಲಿಯ ‘ಲೈಟ್’ ಬಾಟಲಿಗೆ ಅಂಟಿಸಿದರೆ ತಪ್ಪಾಗುತ್ತದೆ.

ಭಾರತದ ಕಾನೂನಿನಲ್ಲಿ ಲೈಟ್ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಹೊರಡಿಸಿದ ಮದ್ಯಪಾನೀಯಗಳ ನಿಯಮಾವಳಿ 2019ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ಬಿಯರನ್ನು ಬಲದ ಮೇಲೆ ಎರಡೇ ಪಾಲು ಮಾಡುತ್ತದೆ: ಗಾತ್ರದ ಲೆಕ್ಕದಲ್ಲಿ ಶೇ 5ರವರೆಗೆ ಮದ್ಯಸಾರ ಇದ್ದರೆ ರೆಗ್ಯುಲರ್ ಅಥವಾ ಮೈಲ್ಡ್, ಶೇ 5 ದಾಟಿ 8ರವರೆಗೆ ಇದ್ದರೆ ಸ್ಟ್ರಾಂಗ್. ಕರ್ನಾಟಕದ ಅಬಕಾರಿ ಸುಂಕವೂ ಈ ಗೆರೆಯನ್ನೇ ಹಿಡಿದಿತ್ತು. 2025ರ ಜನವರಿಯ ಪರಿಷ್ಕರಣೆಯಲ್ಲಿ ಶೇ 5ರ ಒಳಗಿನ ಬಿಯರ್‌ಗೆ ಒಂದು ಮೂಲ ಸುಂಕ, ಅದಕ್ಕಿಂತ ಮೇಲಿನದಕ್ಕೆ ಹೆಚ್ಚಿನ ಸುಂಕ ಎಂದಾಯಿತು. ಬಾಟಲಿಯ ಮೇಲೆ ಕಂಪನಿ ‘ಲೈಟ್’, ‘ಸಿಲ್ವರ್’, ‘ಅಲ್ಟ್ರಾ’ ಎಂದು ಏನೇ ಬರೆದುಕೊಳ್ಳಲಿ, ಅವೆಲ್ಲ ವ್ಯಾಪಾರದ ಹೆಸರುಗಳು. ಬಲ ತಿಳಿಯಬೇಕಿದ್ದರೆ ಸಣ್ಣ ಅಕ್ಷರದ ಶೇಕಡಾ ಸಂಖ್ಯೆಯನ್ನೇ ನೋಡಬೇಕು.

ಬೇರೆ ದೇಶಗಳಲ್ಲೂ ಒಮ್ಮತವಿಲ್ಲ. ಅಮೆರಿಕದಲ್ಲಿ ಲೈಟ್ ಎಂದರೆ ಮುಖ್ಯವಾಗಿ ಕ್ಯಾಲೊರಿ ಕಡಿಮೆ. ಮದ್ಯಸಾರ ಶೇ 4.2ರಷ್ಟು ಇದ್ದೇ ಇರುತ್ತದೆ. ಆಸ್ಟ್ರೇಲಿಯದಲ್ಲಿ ಮದ್ಯಸಾರವೇ ಇಳಿದಿರಬೇಕು, ಹೆಚ್ಚಾಗಿ ಶೇ 3ರ ಕೆಳಗೆ. ಯುರೋಪ್ ಒಕ್ಕೂಟದಲ್ಲಿ ಯಾವುದೇ ಆಹಾರವನ್ನು ಲೈಟ್ ಎನ್ನಬೇಕಾದರೆ ಅದೇ ಬಗೆಯ ಪದಾರ್ಥಕ್ಕಿಂತ ಕನಿಷ್ಠ ಶೇ 30ರಷ್ಟು ಕಡಿಮೆ ಇದೆ ಎಂದು ತೋರಿಸಬೇಕು.

ತಯಾರಿಕೆ ಎಲ್ಲಿ ಕವಲೊಡೆಯುತ್ತದೆ

ಬಿಯರಿನ ಕಚ್ಚಾ ಸಾಮಗ್ರಿ ನೀರು, ಮಾಲ್ಟ್, ಹಾಪ್ಸ್ ಹೂವು ಮತ್ತು ಯೀಸ್ಟ್. ಮಾಲ್ಟ್ ಎಂದರೆ ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸಿದ ಬಾರ್ಲಿ, ಅಂದರೆ ಜವೆಗೋಧಿ. ಇದು ಮಲೆನಾಡಿನ ಬೆಳೆಯಲ್ಲ. ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶದ ಕಡೆಯದು. ಭಾರತದ ಬಿಯರ್‌ಗಳಲ್ಲಿ ಮಾಲ್ಟ್ ಜೊತೆಗೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆಯನ್ನೂ ಸೇರಿಸುತ್ತಾರೆ. ಸೊರಬದ ಗದ್ದೆಯಲ್ಲಿ, ಶಿಕಾರಿಪುರದ ಹೊಲದಲ್ಲಿ ಬೆಳೆಯುವ ಈ ಎರಡು ಧಾನ್ಯಗಳು ಬಿಯರ್‌ಗೆ ಪಿಷ್ಟ ಕೊಡುತ್ತವೆಯೇ ಹೊರತು ರುಚಿಯನ್ನು ಅಷ್ಟಾಗಿ ಕೊಡುವುದಿಲ್ಲ. ಅವುಗಳ ಪಾಲು ಹೆಚ್ಚಿದಷ್ಟೂ ಬಿಯರ್ ತೆಳುವಾಗಿ, ತಿಳಿಯಾಗಿ ಬರುತ್ತದೆ.

ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರೊಳಗಿನ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೆಚ್ಚು ಹೊತ್ತು ಇಟ್ಟರೆ ಯೀಸ್ಟ್ ತಿನ್ನಬಲ್ಲ ಸಣ್ಣ ಸಕ್ಕರೆಗಳು ಹೆಚ್ಚು ಸಿಗುತ್ತವೆ. 70ರ ಹತ್ತಿರ ಹೋದರೆ ಡೆಕ್ಸ್‌ಟ್ರಿನ್ ಎಂಬ ಉದ್ದನೆಯ ತುಣುಕುಗಳು ಹೆಚ್ಚು ಉಳಿಯುತ್ತವೆ. ಡೆಕ್ಸ್‌ಟ್ರಿನ್ ಯೀಸ್ಟಿಗೆ ದಕ್ಕದು. ಅದು ಹಾಗೇ ಬಿಯರಿನಲ್ಲಿ ಉಳಿದು ನಾಲಗೆಗೆ ಒಂದು ಗಟ್ಟಿತನ ಕೊಡುತ್ತದೆ, ಹೊಟ್ಟೆಗೆ ಕ್ಯಾಲೊರಿ ಕೊಡುತ್ತದೆ. ಈ ಸಿಹಿನೀರನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ತಿಂದ ಸಕ್ಕರೆಯಲ್ಲಿ ತೂಕದ ಲೆಕ್ಕಕ್ಕೆ ಹತ್ತಿರ ಹತ್ತಿರ ಅರ್ಧ ಮದ್ಯಸಾರವಾಗುತ್ತದೆ, ಇನ್ನರ್ಧ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಬೈನೆ ಮರದ ಕಳ್ಳಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಅಲ್ಲಿ ಸಕ್ಕರೆ ಮರದಿಂದಲೇ ಇಳಿದು ಬರುವುದರಿಂದ ಮೊಳಕೆ ಬರಿಸಿ ಕುದಿಸುವ ಕೆಲಸವಿಲ್ಲ. ಗಾಳಿಯ ಯೀಸ್ಟ್ ಗಂಟೆಗಳಲ್ಲೇ ಕೆಲಸ ಮುಗಿಸುತ್ತದೆ.

ಸ್ಟ್ರಾಂಗ್ ಬಿಯರ್ ಮಾಡುವುದು ಸುಲಭದ ದಾರಿ. ಆರಂಭದ ಸಿಹಿನೀರನ್ನು ಗಟ್ಟಿ ಮಾಡಿದರಾಯಿತು, ಯೀಸ್ಟಿಗೆ ತಿನ್ನಲು ಹೆಚ್ಚು ಸಕ್ಕರೆ ಸಿಗುತ್ತದೆ. ಮಾಲ್ಟ್ ದುಬಾರಿ, ಸಕ್ಕರೆ ಅಗ್ಗ. ಹೀಗಾಗಿ ಅಗ್ಗದ ಸ್ಟ್ರಾಂಗ್ ಬಿಯರ್‌ಗಳಲ್ಲಿ ಬಲ ಇದ್ದರೂ ಮಾಲ್ಟಿನ ಘಮ ಇರುವುದಿಲ್ಲ. ಕುಡಿದವರ ಮುಖ ಹಿಂಡುವ ಆ ಖಾರವಾದ ಬಿಸಿ ಮದ್ಯಸಾರದ್ದೇ.

ಅಮೆರಿಕದ ಲೈಟ್ ಬಿಯರ್‌ಗೆ ಬೇರೊಂದು ಉಪಾಯ ಬೇಕಾಯಿತು. 1967ರಲ್ಲಿ ನ್ಯೂಯಾರ್ಕಿನ ರೈನ್‌ಗೋಲ್ಡ್ ಕಂಪನಿಗಾಗಿ ಜೋಸೆಫ್ ಓವೇಡ್ಸ್ ಎಂಬ ಜೀವರಸಾಯನ ತಜ್ಞ ‘ಗ್ಯಾಬ್ಲಿಂಗರ್ಸ್ ಡಯಟ್ ಬಿಯರ್’ ರೂಪಿಸಿದರು. ಬೂಷ್ಟಿನ ಜಾತಿಯ ಜೀವಿಯಿಂದ ತೆಗೆದ ಅಮೈಲೋಗ್ಲುಕೋಸಿಡೇಸ್ ಎಂಬ ಕಿಣ್ವವನ್ನು ಅವರು ಸೇರಿಸಿದರು. ಯೀಸ್ಟ್ ಬಿಟ್ಟುಬಿಡುವ ಡೆಕ್ಸ್‌ಟ್ರಿನ್ನನ್ನೂ ಅದು ಕತ್ತರಿಸಿ ಸಕ್ಕರೆ ಮಾಡುವುದರಿಂದ ಕೊನೆಗೆ ಉಳಿಯುವ ಪಿಷ್ಟ ತೀರಾ ಕಡಿಮೆ. ಎಲ್ಲವೂ ಹುದುಗಿ ಮದ್ಯಸಾರ ಹೆಚ್ಚಾಗುತ್ತದೆ. ಆಮೇಲೆ ನೀರು ಬೆರೆಸಿ ಬೇಕಾದ ಬಲಕ್ಕೆ ಇಳಿಸುತ್ತಾರೆ. ಗ್ಯಾಬ್ಲಿಂಗರ್ಸ್ ಸೋತಿತು. ‘ಡಯಟ್’ ಎಂದು ಬರೆದ ಬಿಯರ್ ಕುಡಿಯಲು ಆಗಿನ ಕುಡುಕರು ತಯಾರಿರಲಿಲ್ಲ. ಅದೇ ಬಗೆಯ ಪಾನೀಯ ಮಿಲ್ಲರ್ ಕಂಪನಿಯ ಕೈಯಲ್ಲಿ ‘ಲೈಟ್’ ಆಗಿ 1975ರಲ್ಲಿ ದೇಶದಾದ್ಯಂತ ಬಂದಾಗ, ಆಟಗಾರರನ್ನು ಹಾಕಿ ಮಾಡಿದ ಜಾಹೀರಾತುಗಳ ಬಲದಿಂದ ಗೆದ್ದಿತು. 1982ರಲ್ಲಿ ಬಡ್ ಲೈಟ್ ಬಂತು.

ಸ್ಟ್ರಾಂಗ್ ಇಲ್ಲಿ ಮಾಮೂಲಾದದ್ದು ಹೇಗೆ

ಕರ್ನಾಟಕಕ್ಕೆ ಬಿಯರ್ ಹೊಸದಲ್ಲ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದ ವಿಠಲ್ ಮಲ್ಯ ಮರುವರ್ಷವೇ ಅಧ್ಯಕ್ಷರಾದರು. ಬೆಂಗಳೂರನ್ನೇ ನೆಲೆ ಮಾಡಿಕೊಂಡ ಈ ಕಂಪನಿಯ ಕಿಂಗ್‌ಫಿಶರ್ ಇಂದು ಮಲೆನಾಡಿನ ಸಣ್ಣ ಊರಿನಲ್ಲೂ ಪರಿಚಿತ. 2021ರಿಂದ ಕಂಪನಿಯ ಹಿಡಿತ ನೆದರ್ಲೆಂಡ್ಸ್‌ನ ಹೈನಿಕೆನ್ ಕೈಯಲ್ಲಿದೆ. ಆದರೆ ಹಳ್ಳಿಯ ದುಡಿಯುವ ಜನರ ಪೇಯ ಬಹುಕಾಲ ಕಳ್ಳು ಮತ್ತು ಪಾಕೀಟಿನ ಸಾರಾಯಿಯೇ ಆಗಿತ್ತು. ಸಾರಾಯಿ ನಿಷೇಧವನ್ನು ಪ್ರಕಟಿಸಿದವರು ಶಿಕಾರಿಪುರದ ಶಾಸಕರೇ: ಅಂದು ಉಪಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಆಗಿದ್ದ ಬಿ.ಎಸ್. ಯಡಿಯೂರಪ್ಪ, 2007–08ರ ಬಜೆಟ್ಟಿನಲ್ಲಿ. ಅದು 2007ರ ಜುಲೈ 1ರಿಂದ ಜಾರಿಗೆ ಬಂತು. ಸಾರಾಯಿ ಬಿಟ್ಟವರಲ್ಲಿ ಹೆಚ್ಚಿನವರು ಹಿಡಿದದ್ದು ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮನ್ನು. ಈಗ ಅದು 90 ಮತ್ತು 180 ಮಿಲಿಲೀಟರಿನ ಟೆಟ್ರಾ ಪ್ಯಾಕಿನಲ್ಲಿ ಸಿಗುತ್ತದೆ. ಬಿಯರ್ ಕಡೆ ಬಂದವರಿಗೂ ಕೊಟ್ಟ ದುಡ್ಡಿಗೆ ‘ಕಿಕ್’ ಎಷ್ಟು ಎಂಬುದೇ ಅಳತೆ. ಲೈಟ್ ಮತ್ತು ಸ್ಟ್ರಾಂಗ್ ಬಾಟಲಿಗಳ ಬೆಲೆಯಲ್ಲಿ ಅಂಥ ದೊಡ್ಡ ಅಂತರ ಇಲ್ಲದಿದ್ದಾಗ ಈ ಅಳತೆಯಲ್ಲಿ ಲೈಟ್ ಗೆಲ್ಲುವುದಿಲ್ಲ. ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗ್ ಆಗಿರುವುದಕ್ಕೆ ರುಚಿಗಿಂತ ಈ ಲೆಕ್ಕವೇ ದೊಡ್ಡ ಕಾರಣ.

ಶೇಕಡಾ ಮತ್ತು ಮಿಲಿಲೀಟರ್

ಬಾಟಲಿಯ ಬಲ ತಿಳಿಯಲು ಒಂದು ಗುಣಾಕಾರ ಸಾಕು: ಗಾತ್ರವನ್ನು ಶೇಕಡಾದಿಂದ ಗುಣಿಸುವುದು. 650 ಮಿಲಿಲೀಟರಿನ ದೊಡ್ಡ ಬಾಟಲಿಯಲ್ಲಿ ಶೇ 4ರ ಲೈಟ್ ಇದ್ದರೆ ಅಪ್ಪಟ ಮದ್ಯಸಾರ 26 ಮಿಲಿಲೀಟರ್. ಶೇ 4.8ರ ಲಾಗರಿನಲ್ಲಿ ಅದು 31. ಶೇ 8ರ ಸ್ಟ್ರಾಂಗಿನಲ್ಲಿ 52. ಸ್ಟ್ರಾಂಗ್ ಬಾಟಲಿಗಳ ಮೇಲೆ ‘8% ಮೀರದಂತೆ’ ಎಂಬ ಅರ್ಥದ ಬರಹವೇ ಸಾಮಾನ್ಯವಾದ್ದರಿಂದ ಒಳಗಿರುವುದು 6 ಇರಬಹುದು, 7 ಇರಬಹುದು, 8ಕ್ಕೇ ಮುಟ್ಟಿರಬಹುದು. ಲೆಕ್ಕ ಹಾಕುವವರು 8 ಎಂದೇ ಹಿಡಿಯುವುದು ಜಾಣತನ.

ಈಗ ಪಕ್ಕದ ಟೆಟ್ರಾ ಪ್ಯಾಕ್ ನೋಡಬಹುದು. ಭಾರತದಲ್ಲಿ ವಿಸ್ಕಿ, ರಮ್ಮಿನ ವಾಡಿಕೆಯ ಬಲ ಶೇ 42.8. 30 ಮಿಲಿಲೀಟರಿನ ಒಂದು ಪೆಗ್‌ನಲ್ಲಿ ಸುಮಾರು 13 ಮಿಲಿಲೀಟರ್ ಮದ್ಯಸಾರ, ‘ನೈಂಟಿ’ಯಲ್ಲಿ 38.5. ಅಂದರೆ ಶೇ 8ರ ಸ್ಟ್ರಾಂಗ್ ಬಾಟಲಿ ಒಂದು ನೈಂಟಿಗಿಂತ ಎಷ್ಟೋ ಹೆಚ್ಚು, ನಾಲ್ಕು ಪೆಗ್‌ಗೆ ಸಮ. ‘ನಾನು ಹಾಟ್ ಮುಟ್ಟಲ್ಲ, ಬಿಯರ್ ಅಷ್ಟೇ’ ಎನ್ನುವವರ ಮಾತಿನ ಒಳಗೆ ಈ ನಾಲ್ಕು ಪೆಗ್ ಅಡಗಿರುತ್ತದೆ. ಹಾಗೆಯೇ ಲೈಟ್ ತಾನೆ ಎಂದು ಶೇ 4.8ರ ಎರಡು ಬಾಟಲಿ ಇಳಿಸಿದವರ ದೇಹಕ್ಕೆ 62 ಮಿಲಿಲೀಟರ್ ಸೇರಿತು; ಒಂದು ಸ್ಟ್ರಾಂಗ್ ಕುಡಿದು ಎದ್ದವರಿಗಿಂತ ಹೆಚ್ಚು. 330 ಮಿಲಿಲೀಟರಿನ ಪೈಂಟ್ ಬಾಟಲಿಗೂ 500ರ ಕ್ಯಾನಿಗೂ ಇದೇ ಗುಣಾಕಾರ.

ಕ್ಯಾಲೊರಿಯ ಲೆಕ್ಕ ಇದರ ಮೇಲೆಯೇ ನಿಂತಿದೆ. ಒಂದು ಗ್ರಾಂ ಮದ್ಯಸಾರದಿಂದ 7 ಕಿಲೋಕ್ಯಾಲೊರಿ, ಒಂದು ಗ್ರಾಂ ಪಿಷ್ಟದಿಂದ 4. ಒಂದು ಮಿಲಿಲೀಟರ್ ಮದ್ಯಸಾರದ ತೂಕ 0.79 ಗ್ರಾಂ. ಈ ಪ್ರಕಾರ ಶೇ 4.8ರ 650 ಮಿಲಿಲೀಟರ್ ಬಾಟಲಿಯಲ್ಲಿ ಮದ್ಯಸಾರದಿಂದಲೇ ಸುಮಾರು 170, ಉಳಿದ ಪಿಷ್ಟದಿಂದ ಎಪ್ಪತ್ತು-ಎಂಬತ್ತು ಕಿಲೋಕ್ಯಾಲೊರಿ. ಶೇ 8ರದ್ದರಲ್ಲಿ ಮದ್ಯಸಾರದ ಪಾಲೇ 285 ದಾಟುತ್ತದೆ, ಒಟ್ಟು 350ರ ಆಚೆಗೆ ಹೋಗುತ್ತದೆ. ಅಮೆರಿಕದ ನಿಜವಾದ ಲೈಟ್ ಹೇಗಿರುತ್ತದೆ ಎಂಬುದಕ್ಕೆ ಮಿಲ್ಲರ್ ಲೈಟ್ ಮಾದರಿ: 355 ಮಿಲಿಲೀಟರಿನಲ್ಲಿ 96 ಕಿಲೋಕ್ಯಾಲೊರಿ, ಪಿಷ್ಟ 3 ಗ್ರಾಂ ಚಿಲ್ಲರೆ. ಅಷ್ಟೇ ಗಾತ್ರದ ಮಾಮೂಲಿ ಬಡ್‌ವೈಸರ್‌ನಲ್ಲಿ 145 ಮತ್ತು 10 ಗ್ರಾಂ ಮೀರಿ. ಉಳಿತಾಯ ಐವತ್ತರ ಹತ್ತಿರ. ಜೊತೆಗೆ ಬರುವ 50 ಗ್ರಾಂ ಹುರಿದ ಕಡಲೆಕಾಯಿಯಲ್ಲಿ 280ಕ್ಕೂ ಹೆಚ್ಚು ಕಿಲೋಕ್ಯಾಲೊರಿ ಇರುವುದರಿಂದ, ಹೊಟ್ಟೆ ಇಳಿಸಲು ಲೈಟ್‌ಗೆ ಬದಲಾಯಿಸಿ ಖಾರಾ ಕಡಲೆ, ಕಬಾಬ್ ಮುಂದುವರಿಸಿದವರಿಗೆ ಲಾಭವೇನೂ ಸಿಗದು.

ಬಣ್ಣ ನೋಡಿ ಬಲ ಊಹಿಸುವುದೂ ತಪ್ಪು. ಕಪ್ಪಗೆ ಕಾಣುವ ಐರ್ಲೆಂಡಿನ ಗಿನ್ನಿಸ್ ಡ್ರಾಫ್ಟ್‌ನಲ್ಲಿ ಮದ್ಯಸಾರ ಶೇ 4.2 ಮಾತ್ರ, ಕ್ಯಾಲೊರಿಯೂ ಮಾಮೂಲಿ ಲಾಗರಿಗಿಂತ ಕಡಿಮೆ. ಕಪ್ಪು ಬರುವುದು ಧಾನ್ಯವನ್ನು ಹುರಿದುದರಿಂದ. ಇಲ್ಲಿಯ ಸ್ಟ್ರಾಂಗ್ ಹೊಂಬಣ್ಣದ್ದೇ ಆಗಿದ್ದು, ಗ್ಲಾಸಿಗೆ ಸುರಿದರೆ ಲೈಟ್‌ಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು.

ಗಾಡಿ, ಔಷಧಿ, ಕಿಡ್ನಿ ಕಲ್ಲು

ಜಡೆ ಸೀಮೆಯಂಥ ಕಡೆ ಪೇಟೆಗೆ ಹೋದವರು ಕತ್ತಲಾದ ಮೇಲೆ ಬೈಕಿನಲ್ಲೇ ಊರಿಗೆ ಮರಳುತ್ತಾರೆ. ಹೀಗಾಗಿ ಲೈಟ್-ಸ್ಟ್ರಾಂಗ್ ವ್ಯತ್ಯಾಸದಲ್ಲಿ ತಿಳಿಯಲೇಬೇಕಾದ ಭಾಗ ಇದು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇದ್ದರೆ ಅಪರಾಧ; 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ. 70 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಶೇ 4ರ ಲೈಟ್ 650 ಮಿಲಿಲೀಟರ್ ಬೇಗ ಕುಡಿದರೆ ಸುಮಾರು 43 ಮಿಲಿಗ್ರಾಂ ತಲುಪಬಹುದು. ಶೇ 4.8ರದ್ದು 50 ದಾಟಿಸುತ್ತದೆ, ಶೇ 8ರದ್ದು 85ರ ಹತ್ತಿರ ಒಯ್ಯುತ್ತದೆ. ಮೂರೂ ಮಿತಿಯ ಆಚೆಗೇ. ತೂಕ ಕಡಿಮೆ ಇದ್ದವರಲ್ಲಿ, ಹೆಂಗಸರಲ್ಲಿ ಅಂಕಿ ಇನ್ನೂ ಏರುತ್ತದೆ. ಈಲಿ ಗಂಟೆಗೆ ಅಂದಾಜು 15 ಮಿಲಿಗ್ರಾಂನಂತೆ ಇಳಿಸುತ್ತದೆ. ಸ್ಟ್ರಾಂಗ್ ಕುಡಿದವರು 30ಕ್ಕೆ ಬರಲು ನಾಲ್ಕು ಗಂಟೆ ಹಿಡಿಯಬಹುದು. ಎಲೆ ಅಡಿಕೆ, ಮಜ್ಜಿಗೆ, ನಿಂಬೆಹಣ್ಣು ವಾಸನೆ ಮುಚ್ಚಿದರೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಇವು ಸರಾಸರಿ ಅಂದಾಜು. ಯಾರಿಗೂ ‘ಇಷ್ಟು ಕುಡಿದರೆ ಓಡಿಸಬಹುದು’ ಎಂಬ ಪರವಾನಗಿ ಇವುಗಳಲ್ಲಿಲ್ಲ.

ಮೂತ್ರಪಿಂಡದ ಕಲ್ಲಿಗೆ ಬಿಯರ್ ಮದ್ದು ಎಂಬ ನಂಬಿಕೆ ನಾಡಿನುದ್ದಕ್ಕೂ ಇದೆ. ಬಿಯರ್ ಮೂತ್ರ ಹೆಚ್ಚಿಸುವುದು ನಿಜ. ಮದ್ಯಸಾರವು ನೀರನ್ನು ಹಿಡಿದಿಡುವ ಹಾರ್ಮೋನನ್ನು ತಗ್ಗಿಸುವುದೇ ಕಾರಣ, ಹೀಗಾಗಿ ದೇಹ ಒಣಗುತ್ತದೆ. ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿನ ಹಿಂದೆ ಮೂತ್ರ ತುಂಬಿದರೆ ನೋವು ಜೋರಾಗುತ್ತದೆಯೇ ಹೊರತು ಕಲ್ಲು ಕರಗದು. ಬಿಯರಿನ ಪ್ಯೂರಿನ್ ಅಂಶ ಯೂರಿಕ್ ಆಮ್ಲ ಏರಿಸುವುದರಿಂದ ಆ ಬಗೆಯ ಕಲ್ಲು ಮತ್ತು ಗೌಟ್ ಇದ್ದವರಿಗೆ ಅದು ಕೇಡೇ. ಲೈಟ್ ಆದರೂ ಇದರಿಂದ ಹೊರತಲ್ಲ. ಬಿಯರ್ ತಂಪು ಎಂಬ ಮಾತು ಫ್ರಿಜ್ಜಿನ ತಂಪಿಗೆ ಮಾತ್ರ ಸಲ್ಲುತ್ತದೆ. ಬೇಸಿಗೆಯಲ್ಲಿ ಗದ್ದೆ ಕೆಲಸ ಮುಗಿಸಿ ಬಂದವರಿಗೆ ನೀರೋ ಎಳನೀರೋ ಬೇಕು.

ಸಕ್ಕರೆ ಕಾಯಿಲೆಯವರಿಗೆ ಲೈಟ್ ಆದೀತು ಎಂಬುದು ಇನ್ನೊಂದು ಅಪಾಯದ ತಿಳಿವಳಿಕೆ. ಹುದುಗಿದ ಬಿಯರಿನಲ್ಲಿ ಸಕ್ಕರೆ ಕಡಿಮೆಯೇ. ತೊಂದರೆ ಇರುವುದು ಬೇರೆ ಕಡೆ: ಈಲಿ ಮದ್ಯಸಾರದ ಕೆಲಸದಲ್ಲಿ ತೊಡಗಿದಾಗ ರಕ್ತಕ್ಕೆ ಗ್ಲುಕೋಸ್ ಬಿಡುವುದನ್ನು ತಗ್ಗಿಸುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ತೆಗೆದುಕೊಂಡು ಊಟ ಬಿಟ್ಟು ಕುಡಿದವರ ಸಕ್ಕರೆ ರಾತ್ರಿ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಸುತ್ತಲಿನವರು ಅದನ್ನು ಅಮಲು ಎಂದು ಬಿಟ್ಟುಬಿಡಬಹುದು. ಮೆಟ್ರೊನಿಡಜೋಲ್ ಮಾತ್ರೆ ನಡೆಯುತ್ತಿರುವಾಗ ಯಾವ ಬಿಯರೂ ಬೇಡವೆಂದೇ ವೈದ್ಯರು ಹೇಳುತ್ತಾರೆ. ಗರ್ಭಿಣಿಯರಿಗೆ, ಈಲಿ ಕಾಯಿಲೆಯವರಿಗೆ ಲೈಟ್ ಎಂಬ ರಿಯಾಯಿತಿ ಇಲ್ಲ. ಮದ್ಯಸಾರಕ್ಕೆ ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಕ್ಯಾನ್ಸರ್ ಕಾರಕಗಳ ಮೊದಲ ಗುಂಪಿನಲ್ಲಿ ಮದ್ಯಸಾರ ಇದೆ. ಬಿಯರೋ ಬ್ರಾಂದಿಯೋ ಎಂಬ ಭೇದ ಆ ಪಟ್ಟಿಯಲ್ಲಿಲ್ಲ.

ಕೊಳ್ಳುವಾಗ

ಲೇಬಲಿನಲ್ಲಿ ನೋಡಬೇಕಾದದ್ದು ಮದ್ಯಸಾರದ ಶೇಕಡಾ, ಗಾತ್ರ, ತಯಾರಾದ ತಿಂಗಳು ಮತ್ತು ಗರಿಷ್ಠ ಮಾರಾಟ ಬೆಲೆ. ಅಮೆರಿಕದ ಬಾಟಲಿಗಳ ಮೇಲೆ ಕಾಣುವ ಪೌಷ್ಟಿಕಾಂಶದ ಪಟ್ಟಿ ಇಲ್ಲಿಯ ಬಾಟಲಿಗಳ ಮೇಲೆ ಸಿಗದು. ಕ್ಯಾಲೊರಿ ಬೇಕಿದ್ದವರು ಮೇಲಿನ ಗುಣಾಕಾರವನ್ನೇ ನೆಚ್ಚಬೇಕು. ಎಂಎಸ್‌ಐಎಲ್ ಮಳಿಗೆ ಮತ್ತು ಸಿಎಲ್-2 ಪರವಾನಗಿಯ ವೈನ್ ಶಾಪ್‌ಗಳು ಮುದ್ರಿತ ಬೆಲೆಗೇ ಮಾರಬೇಕು, ಅಲ್ಲಿ ಕುಳಿತು ಕುಡಿಯುವಂತಿಲ್ಲ. ಸಿಎಲ್-9 ಬಾರ್‌ಗಳಲ್ಲಿ ಕುಳಿತು ಕುಡಿಯಬಹುದು, ದರ ಹೆಚ್ಚಿರುತ್ತದೆ. 21 ವರ್ಷ ತುಂಬದವರಿಗೆ ಮಾರಬಾರದೆಂಬುದು ರಾಜ್ಯದ ಅಬಕಾರಿ ನಿಯಮ. ಅದನ್ನು 18ಕ್ಕೆ ಇಳಿಸುವ ಪ್ರಸ್ತಾಪ 2023ರ ಆರಂಭದಲ್ಲಿ ಬಂದು ವಿರೋಧದ ನಡುವೆ ಬಿದ್ದುಹೋಯಿತು.

ಹಳತಾದ ಬಿಯರ್ ಗುರುತಿಸುವುದು ಲೈಟ್‌ನಲ್ಲಿ ಸುಲಭ, ಸ್ಟ್ರಾಂಗಿನಲ್ಲಿ ಕಷ್ಟ. ತೆಳು ರುಚಿಯ ಹಿಂದೆ ಕೆಟ್ಟ ವಾಸನೆ ಅಡಗಲಾರದು. ಸೆಕೆಯಲ್ಲಿ ತಿಂಗಳುಗಟ್ಟಲೆ ಇದ್ದರೆ ಒದ್ದೆ ರಟ್ಟಿನಂಥ ರುಚಿ ಬರುತ್ತದೆ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿ ಬಿಸಿಲಿನಲ್ಲಿದ್ದರೆ ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ನಾತ ಹುಟ್ಟುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನು ಪೂರ್ತಿ ತಡೆಯುತ್ತದೆ. ಕಿಟಕಿಯ ಬಳಿ ಜೋಡಿಸಿಟ್ಟ ಹಸಿರು ಬಾಟಲಿಯನ್ನು ಬಿಟ್ಟು ಒಳಗಿನದನ್ನು ಕೇಳಿ ಪಡೆಯುವುದು ವಾಸಿ.

ಈಚೆಗೆ ಬಂದಿರುವ ‘0.0’ ಕ್ಯಾನುಗಳು ಲೈಟ್ ಬಿಯರ್ ಅಲ್ಲ. ಶೇ 0.5ರವರೆಗೆ ಮದ್ಯಸಾರ ಇದ್ದರೆ ನಿಯಮದಲ್ಲಿ ಅದು ಬಿಯರೇ ಅಲ್ಲ, ಮದ್ಯರಹಿತ ಪಾನೀಯ. ಹೈನಿಕೆನ್ 0.0ದಂಥವುಗಳಲ್ಲಿ ಹುದುಗಿಸಿದ ಮೇಲೆ ಮದ್ಯಸಾರವನ್ನು ತೆಗೆದಿರುತ್ತಾರೆ. 330 ಮಿಲಿಲೀಟರಿಗೆ ಸುಮಾರು 70 ಕಿಲೋಕ್ಯಾಲೊರಿ ಇದ್ದು, ಅದು ಬಹುತೇಕ ಪಿಷ್ಟದ್ದು. ಆ ಪಿಷ್ಟದ ಪ್ರಮಾಣ ಅಮೆರಿಕದ ಲೈಟ್ ಬಿಯರಿಗಿಂತ ಹೆಚ್ಚು. ಗಾಡಿ ಓಡಿಸಬೇಕಾದವರಿಗೆ ಇದು ಆಗುತ್ತದೆ. ಕುಡಿತ ಬಿಡಲು ಚಿಕಿತ್ಸೆಯಲ್ಲಿರುವವರಿಗೆ ಅದೇ ರುಚಿ, ಅದೇ ವಾಸನೆ ಮತ್ತೆ ಆಸೆ ಕೆರಳಿಸಬಹುದಾದ್ದರಿಂದ ವೈದ್ಯರನ್ನು ಕೇಳದೆ ಮುಟ್ಟಬಾರದು.